ಆ 24 ಗಂಟೆ ಎಲ್ಲಿ ಹೋಗುತ್ತದೆ?

ರಾಮನಗರದಿಂದ ಬೆಂಗಳೂರಿಗೆ 50 ಕಿಲೋಮೀಟರ್. ಚನ್ನಪಟ್ಟಣದಿಂದ 60, ಕನಕಪುರದಿಂದ 55ರ ಆಸುಪಾಸು, ಮಾಗಡಿಯಿಂದಲೂ ಹೆಚ್ಚುಕಡಿಮೆ ರಾಮನಗರದಷ್ಟೇ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಯಾದ ಮೇಲೆ ರಾಮನಗರದವರಿಗೆ ಕೆಂಗೇರಿ ಅರ್ಧ ಗಂಟೆಯ ಮಾತು. 2025ರಲ್ಲಿ ಸರ್ಕಾರ ರಾಮನಗರ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಮಾಡಿತು. ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ 24 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗುವುದು ಒಳ್ಳೆಯದು ಎಂದು ವೈದ್ಯರು ಹೇಳುತ್ತಿರುವ ಈ ಕಾಲದಲ್ಲಿ, ನಕ್ಷೆ ನೋಡಿದ ಯಾರಿಗೇ ಆಗಲಿ ಈ ನಾಲ್ಕು ಊರಿನವರು ಅದೃಷ್ಟವಂತರು ಅನಿಸಬೇಕು. ನಿಮ್ಹಾನ್ಸ್ ಇಷ್ಟು ಹತ್ತಿರ, ಜಯನಗರದ ಸಂಜಯ್ ಗಾಂಧಿ ಅಪಘಾತ ಆಸ್ಪತ್ರೆ ಹತ್ತಿರ, ವಿಕ್ಟೋರಿಯಾ ಹತ್ತಿರ. ಬೀದರ್, ರಾಯಚೂರಿನ ಹಳ್ಳಿಯವರಿಗೆ ಈ ಭಾಗ್ಯ ಇಲ್ಲ.

ಆದರೂ ಇಲ್ಲಿನ ಗಾಯಾಳುಗಳಲ್ಲಿ ಎಷ್ಟೋ ಜನಕ್ಕೆ ಆ ಗಡುವು ಕೈತಪ್ಪುತ್ತದೆ. ಹೊತ್ತು ಹೋಗುವುದು ರಸ್ತೆಯ ಮೇಲಲ್ಲ. ರಸ್ತೆಗೆ ಇಳಿಯುವ ಮುಂಚೆ ಅಷ್ಟಿಷ್ಟು, ಬೆಂಗಳೂರಿಗೆ ಬಂದು ಮುಟ್ಟಿದ ಮೇಲೆ ಇನ್ನಷ್ಟು.

ಬೆನ್ನುಹುರಿ ಎಂದರೆ ಮಿದುಳಿನ ಬುಡದಿಂದ ಹೊರಟು ಸೊಂಟದ ಮೊದಲ ಅಥವಾ ಎರಡನೇ ಮಣಿಯವರೆಗೆ ಇಳಿಯುವ ನರಗಳ ಕಟ್ಟು. ದೊಡ್ಡವರಲ್ಲಿ ಸುಮಾರು 45 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಅದು ಮೂಳೆಯ ಕೊಳವೆಯೊಳಗೆ, ಗಟ್ಟಿ ಪೊರೆಯೊಂದರ ಒಳಗೆ ಕೂತಿದೆ. ಈ ರಕ್ಷಣೆಯೇ ಪೆಟ್ಟು ಬಿದ್ದಾಗ ಶತ್ರುವಾಗುವುದು. ಕೈಗೆ ಏಟಾದರೆ ಊದಿಕೊಳ್ಳಲು ಜಾಗ ಇದೆ. ಬೆನ್ನುಹುರಿ ಊದಿಕೊಂಡರೆ ನಾಲ್ಕೂ ಕಡೆ ಮೂಳೆ.

ಅಪಘಾತದಲ್ಲಿ ಬೆನ್ನುಹುರಿ ಎರಡು ತುಂಡಾಗುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಹಾಗೆ ಪೂರ್ತಿ ಕತ್ತರಿಸಿ ಹೋಗುವುದು ಅಪರೂಪ. ಹೆಚ್ಚಿನ ಸಲ ಆಗುವುದು ಜಜ್ಜಿದ ಗಾಯ. ಒಡೆದ ಮಣಿಯ ಚೂರು, ಜಾರಿದ ಮಣಿ, ಇಲ್ಲವೇ ಎರಡು ಮಣಿಗಳ ನಡುವಿನ ಡಿಸ್ಕ್ ಹಿಂದಕ್ಕೆ ನುಗ್ಗಿ ಹುರಿಯನ್ನು ಒತ್ತಿ ಹಿಡಿದುಕೊಂಡಿರುತ್ತದೆ. ಬಿದ್ದ ಆ ಕ್ಷಣದಲ್ಲೇ ಸತ್ತ ನರಗಳನ್ನು ಯಾವ ಡಾಕ್ಟರೂ ಬದುಕಿಸಲಾರರು. ಅದರ ಸುತ್ತ, ಸತ್ತೂ ಇಲ್ಲದ ಬದುಕಿಯೂ ಇಲ್ಲದ ಒಂದು ವಲಯ ಇರುತ್ತದೆ. ಮುಂದಿನ ಗಂಟೆಗಳಲ್ಲಿ ಅಲ್ಲಿ ಎರಡನೇ ಗಾಯ ಬೆಳೆಯುತ್ತದೆ. ಸಣ್ಣ ರಕ್ತನಾಳಗಳು ಒಡೆದು ರಕ್ತ ಸೋರುತ್ತದೆ, ಒತ್ತಡದಿಂದ ಉಳಿದ ನಾಳಗಳಲ್ಲಿ ಹರಿವು ಕುಗ್ಗುತ್ತದೆ. ಸಾಯುವ ನರಕೋಶಗಳು ಗ್ಲುಟಮೇಟ್ ಚೆಲ್ಲುತ್ತವೆ. ಅದು ಪಕ್ಕದ ಕೋಶಗಳೊಳಕ್ಕೆ ಕ್ಯಾಲ್ಸಿಯಂ ನುಗ್ಗಿಸಿ ಅವನ್ನೂ ಕೊಲ್ಲುತ್ತದೆ. ಮೊದಲ ದಿನ ಶುರುವಾದ ಊತ ಮೂರು ನಾಲ್ಕು ದಿನದವರೆಗೂ ಏರುತ್ತಲೇ ಇರುತ್ತದೆ. ಶಸ್ತ್ರಚಿಕಿತ್ಸೆಯಿಂದ ಸಿಗುವುದೇನಿದ್ದರೂ ಈ ಎರಡನೇ ಗಾಯದ ವಲಯದಲ್ಲಿ. ಒತ್ತುತ್ತಿರುವ ಮೂಳೆಯನ್ನು ತೆಗೆದು ಹುರಿಗೆ ಜಾಗ ಮಾಡುವುದು, ಅಲ್ಲಾಡುವ ಮಣಿಗಳನ್ನು ಸ್ಕ್ರೂ, ರಾಡು ಹಾಕಿ ಬಿಗಿಯುವುದು, ಆಪರೇಷನ್ ಎಂದರೆ ಇಷ್ಟೇ. ನರಗಳನ್ನು ಯಾರೂ ಹೊಲಿಯುವುದಿಲ್ಲ.

ಇದು ಹೊಸ ವಿಚಾರವೇನಲ್ಲ. ಅಮೆರಿಕದ ಆಲ್ಫ್ರೆಡ್ ರೆಜಿನಾಲ್ಡ್ ಅಲೆನ್ 1911ರಲ್ಲಿ ನಾಯಿಗಳ ತೆರೆದ ಬೆನ್ನುಹುರಿಯ ಮೇಲೆ ಗೊತ್ತಾದ ಎತ್ತರದಿಂದ ತೂಕ ಬೀಳಿಸಿ ಏನಾಗುತ್ತದೆಂದು ನೋಡಿದರು. ಒಳಗೆ ಕಟ್ಟಿಕೊಂಡ ರಕ್ತವನ್ನು ಬೇಗ ಹೊರತೆಗೆದರೆ ನಾಯಿಗಳು ಹೆಚ್ಚು ಚೇತರಿಸಿಕೊಳ್ಳುತ್ತವೆ ಎಂದು ಕಂಡಿತು. ಪೆಟ್ಟಿಗಿಂತ ಪೆಟ್ಟಿನ ನಂತರ ಅಲ್ಲಿ ಸೇರುವ ಯಾವುದೋ ವಸ್ತು ಕೆಡುಕು ಮಾಡುತ್ತಿದೆ ಎಂದು ಅವರು ಊಹಿಸಿದರು. ಊಹೆ ಸರಿಯಾಗಿತ್ತು. ಆದರೆ ಮನುಷ್ಯರ ವಿಷಯದಲ್ಲಿ ಮುಂದಿನ ಅರ್ಧ ಶತಮಾನ ಗಾಳಿ ಬೀಸಿದ್ದು ಎದುರು ದಿಕ್ಕಿಗೆ. ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ 1944ರಲ್ಲಿ ಬೆನ್ನುಹುರಿ ಗಾಯಾಳುಗಳ ವಿಭಾಗ ತೆರೆದ ಲುಡ್ವಿಗ್ ಗುಟ್‌ಮನ್ ಆತುರದ ಆಪರೇಷನ್‌ಗೆ ಕಡುವಿರೋಧಿ. ಅವರ ಕಾಲದ ಆಪರೇಷನ್ ಮೂಳೆ ತೆಗೆದು ಬೆನ್ನನ್ನು ಇನ್ನಷ್ಟು ಸಡಿಲ ಮಾಡುತ್ತಿತ್ತು, ಬಿಗಿಯುವ ಸಾಮಗ್ರಿ ಇರಲಿಲ್ಲ. ಹಾಸಿಗೆಯಲ್ಲಿ ಸರಿಯಾದ ಭಂಗಿಯಲ್ಲಿ ಮಲಗಿಸಿ, ಹೊತ್ತುಹೊತ್ತಿಗೆ ಮಗ್ಗುಲು ತಿರುಗಿಸಿ, ಮೂತ್ರಕೋಶ ಕಾಪಾಡಿ, ಆಮೇಲೆ ಆಟ ಆಡಿಸಿ ಅವರು ಸಾವಿರಾರು ಜನರನ್ನು ಉಳಿಸಿದರು. ಪ್ಯಾರಾಲಿಂಪಿಕ್ಸ್ ಹುಟ್ಟಿದ್ದೂ ಅಲ್ಲೇ. 1965ರಲ್ಲಿ ಎವರೆಸ್ಟ್ ಏರಿ, ಅದೇ ವರ್ಷದ ಯುದ್ಧದಲ್ಲಿ ಗುಂಡು ತಗುಲಿ ಗಾಲಿಕುರ್ಚಿ ಹಿಡಿದ ಮೇಜರ್ ಎಚ್.ಪಿ.ಎಸ್. ಅಹ್ಲುವಾಲಿಯಾ ಅವರಿಗೆ ಸ್ಟೋಕ್ ಮ್ಯಾಂಡೆವಿಲ್‌ನಲ್ಲೇ ಚಿಕಿತ್ಸೆ ಆಯಿತು. ದೆಹಲಿಯಲ್ಲಿ ಬೆನ್ನುಹುರಿ ಗಾಯಾಳುಗಳಿಗೆಂದೇ ಆಸ್ಪತ್ರೆ ಕಟ್ಟಿದವರು ಅವರು.

ಆಪರೇಷನ್ ಬೇಗ ಮಾಡಿದರೆ ನಿಜಕ್ಕೂ ಲಾಭವೇ ಎಂಬುದನ್ನು ಅಳೆಯಲು ಹೊರಟವರಿಗೆ ಮೊದಲು ಎದುರಾದ ತೊಡಕು, ಬೇಗ ಎಂದರೆ ಎಷ್ಟು ಬೇಗ ಎನ್ನುವುದು. 1997ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗ 72 ಗಂಟೆಯೊಳಗೆ ಆದರೆ ಬೇಗ, ಐದು ದಿನ ದಾಟಿದರೆ ತಡ ಎಂದಿಟ್ಟುಕೊಂಡಿತ್ತು. ಕತ್ತಿನ ಗಾಯದ 62 ಜನ ಅದರಲ್ಲಿದ್ದರು. ವ್ಯತ್ಯಾಸ ಕಾಣಲಿಲ್ಲ. ಮೂರು ದಿನ ಕಳೆಯುವಷ್ಟರಲ್ಲಿ ಕೆಡಬೇಕಾದದ್ದೆಲ್ಲ ಕೆಟ್ಟಿರುತ್ತದೆ, ಆಮೇಲೆ ಹೋಲಿಸಿ ಏನು ಬಂತು?

ಲೆಕ್ಕ ಬದಲಾದದ್ದು ಸ್ಟಾಸಿಸ್ ಎಂಬ ಅಧ್ಯಯನದಿಂದ. ಟೊರಾಂಟೊದ ಮೈಕೆಲ್ ಫೆಲಿಂಗ್ಸ್ ಮತ್ತವರ ಸಂಗಡಿಗರು 2002ರಿಂದ 2009ರವರೆಗೆ ಉತ್ತರ ಅಮೆರಿಕದ ಆರು ಆಸ್ಪತ್ರೆಗಳಲ್ಲಿ ಕತ್ತಿನ ಬೆನ್ನುಹುರಿಗೆ ಗಾಯವಾದ 313 ಜನರನ್ನು ಸೇರಿಸಿಕೊಂಡು ನಡೆಸಿದ್ದು, 2012ರಲ್ಲಿ ಪ್ರಕಟವಾಯಿತು. 182 ಜನಕ್ಕೆ 24 ಗಂಟೆಯೊಳಗೆ ಆಪರೇಷನ್ ಆಯಿತು, ಸರಾಸರಿ 14 ಗಂಟೆಗೆ. 131 ಜನಕ್ಕೆ ಆಮೇಲೆ, ಸರಾಸರಿ 48 ಗಂಟೆಗೆ. ಗಾಯದ ತೀವ್ರತೆಯನ್ನು ಎ ಇಂದ ಇ ವರೆಗೆ ಐದು ದರ್ಜೆಗಳಲ್ಲಿ ಅಳೆಯುತ್ತಾರೆ. ಎ ಎಂದರೆ ಗಾಯದ ಕೆಳಗೆ ಚಲನೆ, ಸ್ಪರ್ಶ ಏನೇನೂ ಇಲ್ಲ, ಇ ಎಂದರೆ ಮಾಮೂಲು. ಆರು ತಿಂಗಳ ನಂತರ ಎರಡು ದರ್ಜೆಯಷ್ಟಾದರೂ ಸುಧಾರಿಸಿದವರು ಬೇಗ ಆದವರಲ್ಲಿ ಶೇ 19.8, ತಡವಾದವರಲ್ಲಿ ಶೇ 8.8. ಬೇಗ ಮಾಡಿದ್ದರಿಂದ ತೊಡಕು ಹೆಚ್ಚಾಗಲೂ ಇಲ್ಲ.

ಈ ಅಂಕಿಯನ್ನು ಹಿಡಿದುಕೊಂಡು ಕುಣಿಯುವ ಮುಂಚೆ ಒಂದು ಮಾತು. ಇಲ್ಲಿ ಯಾರನ್ನು ಯಾವ ಗುಂಪಿಗೆ ಹಾಕಬೇಕೆಂದು ಚೀಟಿ ಎತ್ತಿರಲಿಲ್ಲ. ಬೇಗ ಬಂದವರಿಗೆ ಬೇಗ ಆಯಿತು, ಅಷ್ಟೇ. ಚೀಟಿ ಎತ್ತಿ ನಿಮ್ಮ ಮಗನಿಗೆ ಮೂರು ದಿನ ಬಿಟ್ಟು ಮಾಡುತ್ತೇವೆ ಎಂದರೆ ಯಾವ ತಾಯಿ ಒಪ್ಪುತ್ತಾಳೆ? ಒಪ್ಪಿಸುವುದು ಸರಿಯೂ ಅಲ್ಲ. ಹಾಗಾಗಿ ಈ ಪ್ರಶ್ನೆಗೆ ಸಿಗುವ ಉತ್ತರವೆಲ್ಲ ಸ್ವಲ್ಪ ಮಸುಕಾಗಿಯೇ ಇರುತ್ತದೆ. 2021ರಲ್ಲಿ ಲ್ಯಾನ್ಸೆಟ್ ನ್ಯೂರಾಲಜಿ ಪತ್ರಿಕೆ ಪ್ರಕಟಿಸಿದ ವಿಶ್ಲೇಷಣೆ ಆ ಮಸುಕನ್ನು ಕೊಂಚ ತಿಳಿ ಮಾಡಿತು. ನಾಲ್ಕು ಕಡೆಯ 1,548 ರೋಗಿಗಳ ವಿವರ ಒಟ್ಟುಗೂಡಿಸಿ ನೋಡಿದಾಗ, ಕೈಕಾಲಿನ ಶಕ್ತಿಗೆ ಕೊಡುವ 100 ಅಂಕಗಳಲ್ಲಿ ವರ್ಷ ಕಳೆಯುವಷ್ಟರಲ್ಲಿ ಬೇಗ ಆದವರು ಗಳಿಸಿಕೊಂಡದ್ದು 23.7, ತಡವಾದವರು 19.7. ಇನ್ನೊಂದು ಸಂಗತಿಯೂ ಅಲ್ಲಿ ಕಂಡಿತು. ಮೊದಲ 24ರಿಂದ 36 ಗಂಟೆಗಳಲ್ಲಿ ತಡವಾದಷ್ಟೂ ಲಾಭ ಸರಸರನೆ ಇಳಿಯುತ್ತದೆ. ಅದು ಕಳೆದ ಮೇಲೆ ಗೆರೆ ಮಟ್ಟಸವಾಗುತ್ತದೆ.

ಬರೀ 4 ಅಂಕವೇ ಎನ್ನಬಹುದು. ಆ ಅಂಕ ಎಲ್ಲಿ ಬೀಳುತ್ತದೆ ಎಂದು ನೋಡಬೇಕು. ಕತ್ತಿನ ಐದನೇ ನರ ಮೊಣಕೈ ಮಡಚುತ್ತದೆ, ಆರನೆಯದು ಮಣಿಕಟ್ಟು ಎತ್ತುತ್ತದೆ, ಏಳನೆಯದು ಮೊಣಕೈ ನೀಡುತ್ತದೆ, ಎಂಟನೆಯದು ಬೆರಳು ಮಡಚುತ್ತದೆ. ಐದನೆಯದು ಮಾತ್ರ ಉಳಿದವನ ಬಾಯಿಗೆ ಇನ್ನೊಬ್ಬರು ತುತ್ತಿಡಬೇಕು. ಆರನೆಯದು ಬಂದರೆ ಅಂಗೈಗೆ ಪಟ್ಟಿ ಕಟ್ಟಿ ಚಮಚ ಸಿಕ್ಕಿಸಿಕೊಂಡು ತಾನೇ ತಿನ್ನಬಹುದು. ಏಳನೆಯದು ಬಂದರೆ ಹಾಸಿಗೆಗೆ ಕೈಯೂರಿ ಮೈಯನ್ನು ಎತ್ತಿ ಗಾಲಿಕುರ್ಚಿಗೆ ತಾನೇ ಸರಿದು ಕೂರಬಹುದು. ಎಂಟನೆಯದೂ ಬಂತೆಂದರೆ ಮುದ್ದೆ ಮುರಿದು ಸಾರಿಗೆ ಅದ್ದುವುದು ಸಾಧ್ಯ. ಚನ್ನಪಟ್ಟಣದಲ್ಲಿ ಲೇತಿನ ಮುಂದೆ ಕೂತು ಗೊಂಬೆಗೆ ಅರಗಿನ ಬಣ್ಣ ಹಿಡಿಯುವವನಿಗೆ, ರಾಮನಗರದಲ್ಲಿ ರೇಷ್ಮೆ ಗೂಡಿನ ಎಳೆ ಬಿಚ್ಚುವವಳಿಗೆ ಈ ಒಂದೆರಡು ನರಗಳ ಅಂತರ ಎಂದರೆ ಕಸುಬು ಇದೆಯೋ ಇಲ್ಲವೋ ಎಂಬುದೇ. ಒಂದು ಸ್ನಾಯುವಿಗೆ ಸಿಗುವ ಗರಿಷ್ಠ ಅಂಕ 5. ಹಾಗಾಗಿ ಆ 4 ನನಗೆ ಚಿಕ್ಕದಾಗಿ ಕಾಣುವುದಿಲ್ಲ.

ಒಪ್ಪದವರೂ ಇದ್ದಾರೆ. ಯೂರೋಪಿನ ಹಲವು ಆಸ್ಪತ್ರೆಗಳು ಸೇರಿ 12 ಗಂಟೆಯನ್ನು ಗಡುವಾಗಿಟ್ಟುಕೊಂಡು ನಡೆಸಿದ ಅಧ್ಯಯನ 2023ರಲ್ಲಿ ಬಂತು. ಅದರಲ್ಲಿ ಬೇಗ ಮಾಡಿದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಜಪಾನಿನದು ಇನ್ನೂ ಕುತೂಹಲದ್ದು. ವಯಸ್ಸಾದವರ ಕತ್ತಿನ ಕೊಳವೆ ಮೊದಲೇ ಸವೆದು ಇಕ್ಕಟ್ಟಾಗಿರುತ್ತದೆ. ಬಚ್ಚಲಲ್ಲಿ ಜಾರಿ ಗಲ್ಲ ಬಡಿದುಕೊಂಡರೆ ಸಾಕು, ಮೂಳೆ ಮುರಿಯದೆಯೇ ಹುರಿ ನಜ್ಜಾಗುತ್ತದೆ. ಕಾಲಿಗಿಂತ ಕೈ ಹೆಚ್ಚು ಸೋಲುತ್ತದೆ. ನಮ್ಮಲ್ಲಿ ಇದನ್ನು ಪಾರ್ಶ್ವವಾಯು ಎಂದುಕೊಂಡು ಮನೆಯಲ್ಲೇ ಇಟ್ಟುಕೊಳ್ಳುವುದುಂಟು. ಇಂಥವರಲ್ಲಿ ಜಪಾನಿನವರು ಚೀಟಿ ಎತ್ತಿಯೇ ನೋಡಿದರು. 24 ಗಂಟೆಯೊಳಗೆ ಮಾಡಿದರೂ ಎರಡು ವಾರ ಬಿಟ್ಟು ಮಾಡಿದರೂ ವರ್ಷದ ಕೊನೆಗೆ ಎಲ್ಲರೂ ಒಂದೇ ಮಟ್ಟಕ್ಕೆ ಬಂದಿದ್ದರು. ಬೇಗ ಆದವರು ಆ ಮಟ್ಟವನ್ನು ಬೇಗ ಮುಟ್ಟಿದರು ಅಷ್ಟೇ. ಎಲ್ಲ ತೂಗಿ ನೋಡಿ 2024ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುವುದು ಹೀಗೆ: ಸಾಧ್ಯವಿದ್ದಲ್ಲಿ 24 ಗಂಟೆಯೊಳಗೆ ಮಾಡಿ, ಅದಕ್ಕೂ ಮುಂಚೆ ಇಷ್ಟೇ ಗಂಟೆಯೊಳಗೆ ಎನ್ನಲು ಪುರಾವೆ ಸಾಲದು. ನನ್ನ ಮಟ್ಟಿಗೆ ಇದು ಪ್ರಾಮಾಣಿಕ ಮಾತು.

ಇನ್ನು ನಮ್ಮ ನಾಲ್ಕು ಊರಿಗೆ ಬರೋಣ. ಬೆನ್ನು ಮುರಿಯುವ ಸುದ್ದಿ ಪತ್ರಿಕೆಗೆ ಬರುವುದು ದಶಪಥದಿಂದ. 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಅದರ ಮುಖ್ಯ ರಸ್ತೆಯಿಂದ ಹೊರಗಿಟ್ಟರು, ವೇಗಕ್ಕೆ ಕ್ಯಾಮೆರಾ ಬಂತು, ಸಾವು ಇಳಿಯಿತು. ಸುದ್ದಿಯಾಗದೆ ಬೀಳುವವರು ಬೇರೆಯೇ ಇದ್ದಾರೆ. ಭಾರತದ ಆಸ್ಪತ್ರೆಗಳ ವರದಿಗಳಲ್ಲಿ ಎತ್ತರದಿಂದ ಬೀಳುವುದು ರಸ್ತೆ ಅಪಘಾತಕ್ಕೆ ಸರಿಸಮ, ಕೆಲವೆಡೆ ಅದಕ್ಕಿಂತ ಮೇಲು. ತೆಂಗಿನಕಾಯಿ ಕೀಳುವವರು, ಸುಗ್ಗಿಯಲ್ಲಿ ಮಾವಿನ ಮರ ಹತ್ತುವವರು, ಹುಣಸೆ ಬಡಿಯುವವರು, ಸಾರವೆಯ ಮೇಲೆ ನಿಂತು ಗಾರೆ ಬಳಿಯುವವರು, ಕಟಾಂಜನ ಇಲ್ಲದ ತಾರಸಿಯಲ್ಲಿ ಸೆಕೆಗೆಂದು ಮಲಗಿದವರು. ಮನೆಗೆ ದುಡಿದು ಹಾಕುವ ವಯಸ್ಸಿನ ಗಂಡಸರೇ ಹೆಚ್ಚು.

ತೋಟದಲ್ಲಿ ಒಬ್ಬ ಮರದಿಂದ ಬಿದ್ದರೆ ಐದು ನಿಮಿಷದಲ್ಲಿ ಹತ್ತು ಜನ ಸೇರುತ್ತಾರೆ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ, ಇನ್ನೊಬ್ಬರು ತಲೆ ಎತ್ತಿ ಕುಡಿಸಲು ನೋಡುತ್ತಾರೆ. ‘ಏಳಪ್ಪ, ಏನೂ ಆಗಿಲ್ಲ’ ಎಂದು ಕೂರಿಸುತ್ತಾರೆ. ‘ಅಣ್ಣಾ, ಕಾಲು ಸ್ವಾಧೀನಕ್ಕೇ ಬರ್ತಿಲ್ಲ’ ಎಂದು ಅವನು ಹೇಳುವಷ್ಟರಲ್ಲಿ ಒಬ್ಬರು ಕಂಕುಳಿಗೆ, ಇನ್ನೊಬ್ಬರು ಮೊಣಕಾಲಿಗೆ ಕೈ ಹಾಕಿ ಎತ್ತಿಯಾಗಿರುತ್ತದೆ. ನಡುಬೆನ್ನು ಜೋತು ಬೀಳುತ್ತದೆ. ಆಟೋದ ಹಿಂದಿನ ಸೀಟಿನಲ್ಲಿ ಮಡಚಿ ಕೂರಿಸಿ, ಇಬ್ಬರು ಎರಡು ಕಡೆ ಒತ್ತಿಕೊಂಡು ಹಿಡಿಯುತ್ತಾರೆ. ತಲೆ ಎದೆಯ ಮೇಲೆ ವಾಲುತ್ತದೆ. ಅವರದು ಪ್ರೀತಿಯೇ, ಆತುರವೇ. ಆದರೆ ಮುರಿದ ಮಣಿ ಆ ಹೊತ್ತಿನಲ್ಲಿ ಹುರಿಯ ಮೇಲೆ ಮತ್ತೊಮ್ಮೆ ಜಾರಬಲ್ಲದು. ಬಿದ್ದಲ್ಲೇ ಅಲ್ಲಾಡಿಸದೆ ಬಿಟ್ಟು, ಒಬ್ಬರು ತಲೆಯ ಎರಡೂ ಬದಿ ಅಂಗೈ ಇಟ್ಟು ಹಿಡಿದುಕೊಂಡು, 108ಕ್ಕೆ ಫೋನ್ ಮಾಡಿ ಕಾಯುವುದು ಇದಕ್ಕಿಂತ ಮೇಲು. ಎತ್ತಲೇಬೇಕೆಂದರೆ ನಾಲ್ಕು ಜನ ಸೇರಿ ತಲೆ, ಹೆಗಲು, ಸೊಂಟ, ಕಾಲನ್ನು ಒಂದೇ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ತೆಗೆದುಕೊಳ್ಳಬೇಕು. ಬಾಗಿಲು ಕಳಚಿದರೂ ಆಯಿತು, ಬೆಂಚಾದರೂ ಆಯಿತು. 2008ರ ನವೆಂಬರ್‌ನಿಂದ ರಾಜ್ಯದಲ್ಲಿ ಓಡುತ್ತಿರುವ 108ರಲ್ಲಿ ಹಲಗೆ, ಕತ್ತಿನ ಪಟ್ಟಿ ಇರುತ್ತವೆ. ಆ ಅರ್ಧ ಗಂಟೆ ಕಾದದ್ದು ನಷ್ಟವಲ್ಲ.

ನಿಜವಾದ ನಷ್ಟ ಮುಂದೆ ಇದೆ. ಮೊದಲು ಊರ ಕ್ಲಿನಿಕ್ಕು, ನೋವಿಗೊಂದು ಇಂಜೆಕ್ಷನ್. ಆಮೇಲೆ ತಾಲ್ಲೂಕು ಆಸ್ಪತ್ರೆ, ಅಲ್ಲಿ ಎಕ್ಸ್‌ರೇ. ಅಲ್ಲಿಂದ ನರ್ಸಿಂಗ್ ಹೋಮ್. ಸ್ಕ್ಯಾನ್ ಮಾಡಿಸಲು ಇನ್ನೊಂದು ಕಡೆ. ಅಲ್ಲಿ ಹೋಗಿ ಮಲಗಿಸಿದ ಮೇಲೆ ಬೆಂಗಳೂರಿಗೇ ಒಯ್ಯಿರಿ ಎಂಬ ಸಲಹೆ. ರಾತ್ರಿ ಹೊರಟು ದೊಡ್ಡ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಬಂದರೆ ಬೆಡ್ ಇಲ್ಲ, ಬೆಡ್ ಇದ್ದರೆ ವೆಂಟಿಲೇಟರ್ ಇಲ್ಲ. ಎರಡನೆಯ ಆಸ್ಪತ್ರೆ, ಮೂರನೆಯದು. ಪ್ರತಿ ಕಡೆಯೂ ಸ್ಟ್ರೆಚರ್‌ನಿಂದ ಸ್ಟ್ರೆಚರ್‌ಗೆ ಎತ್ತಿ ಹಾಕುವುದು. ನಡುವೆ ಮನೆಯವರ ಪಂಚಾಯ್ತಿ: ಆಪರೇಷನ್ ಮಾಡಿಸಿದರೆ ಇನ್ನೂ ಕೆಡುತ್ತದಂತೆ, ನಾಟಿ ವೈದ್ಯರೊಬ್ಬರು ಎಳೆದು ಕೂರಿಸುತ್ತಾರಂತೆ. ಭಾನುವಾರ ಬಿದ್ದರಂತೂ ಮುಗಿಯಿತು. ಹೀಗೆ ಒಂದೂವರೆ ದಿನ ಕಳೆಯಲು ಯಾರೂ ಕೆಟ್ಟವರಾಗಿರಬೇಕಿಲ್ಲ. 2023ರಲ್ಲಿ ಮೆಡಿಕಲ್ ಕಾಲೇಜು ರಾಮನಗರಕ್ಕೋ ಕನಕಪುರಕ್ಕೋ ಎಂದು ಬಂದ್ ಆಯಿತು. ಕಾಲೇಜು ಬೇಕು, ಎರಡು ಕಡೆಯೂ ಬರಲಿ. ಆದರೆ ಈ ಒಂದು ಕಾಯಿಲೆಯ ಮಟ್ಟಿಗೆ ಹೇಳುವುದಾದರೆ, ಗಾಯಾಳು ಹೊರಡುವ ಮುಂಚೆಯೇ ಬೆಂಗಳೂರಿನಲ್ಲಿ ಎಲ್ಲಿ ಹಾಸಿಗೆ ಇದೆ ಎಂದು ಫೋನಿನಲ್ಲಿ ಖಾತ್ರಿ ಮಾಡಿ ಕಳುಹಿಸುವ ಒಬ್ಬ ಮನುಷ್ಯ ತಾಲ್ಲೂಕು ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಇದ್ದರೆ, ಅದು ಹೊಸ ಕಟ್ಟಡಕ್ಕಿಂತ ಬೇಗ ಫಲ ಕೊಡುತ್ತದೆ.

ದುಡ್ಡಿನ ಮಾತಿನಲ್ಲಿ ಒಂದು ವಿಚಿತ್ರ ಇದೆ. 2016ರಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ಸಾಯುವ ಹೊತ್ತಿನಲ್ಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದ ಯುವಕನ ಹೆಸರಿನಲ್ಲಿ ಸರ್ಕಾರ ಸಾಂತ್ವನ ಹರೀಶ್ ಯೋಜನೆ ತಂದಿತು. ರಸ್ತೆ ಅಪಘಾತದ ಗಾಯಾಳುವಿಗೆ ಮೊದಲ 48 ಗಂಟೆ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ. 2025ರಲ್ಲಿ ಕೇಂದ್ರ ಸರ್ಕಾರ ಏಳು ದಿನಕ್ಕೆ ಒಂದೂವರೆ ಲಕ್ಷದವರೆಗಿನ ಯೋಜನೆ ತಂದಿತು. ಎರಡೂ ರಸ್ತೆಯ ಮೇಲೆ ಬಿದ್ದವರಿಗೆ. ಮರದಿಂದ ಬಿದ್ದವರ ಬೆನ್ನುಹುರಿ ಅದೇ ವೇಗದಲ್ಲಿ ಕೆಡುತ್ತದೆ, ಅವರ ಪಾಲಿಗೆ ಉಳಿಯುವುದು ಬಿಪಿಎಲ್ ಕಾರ್ಡು ಮತ್ತು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ. ಕಾರ್ಡು ಮನೆಯ ಟ್ರಂಕಿನಲ್ಲಿ, ಮನುಷ್ಯ ಬೆಂಗಳೂರಿನಲ್ಲಿ.

ಕಾಯುವ ಹೊತ್ತಿನಲ್ಲೂ ಮಾಡಬೇಕಾದ್ದು ಬೇಕಾದಷ್ಟಿದೆ, ಅದಕ್ಕೆ ಬೆಂಗಳೂರೇ ಆಗಬೇಕಿಲ್ಲ. ಕತ್ತಿಗೆ ಪೆಟ್ಟಾದಾಗ ರಕ್ತನಾಳಗಳ ಹಿಡಿತ ತಪ್ಪಿ ಬಿಪಿ ಇಳಿಯುತ್ತದೆ, ನಾಡಿಯೂ ನಿಧಾನವಾಗುತ್ತದೆ, ಮೈ ಮಾತ್ರ ಬೆಚ್ಚಗಿರುತ್ತದೆ. ರಕ್ತ ಸೋರಿ ಬಿಪಿ ಇಳಿದವನ ಲಕ್ಷಣ ಇದಕ್ಕೆ ತದ್ವಿರುದ್ಧ. ಊದಿದ ಹುರಿಗೆ ರಕ್ತ ನುಗ್ಗಿಸಲು ಒತ್ತಡ ಬೇಕು. ಸರಾಸರಿ ರಕ್ತದೊತ್ತಡ 75–80ಕ್ಕಿಂತ ಇಳಿಯದಂತೆ ಮೂರರಿಂದ ಏಳು ದಿನ ಕಾಯಬೇಕೆಂದು 2024ರ ಮಾರ್ಗಸೂಚಿ ಹೇಳುತ್ತದೆ. ಆಪರೇಷನ್ ಹತ್ತು ಗಂಟೆಗೇ ಆಗಿ ಬಿಪಿಯನ್ನು ಯಾರೂ ನೋಡದೆ ಹೋದರೆ ಆ ಆತುರ ದಂಡ. ಕತ್ತಿನ ಮಣಿ ಜಾರಿ ಸಿಕ್ಕಿಕೊಂಡಿದ್ದರೆ ತಲೆಬುರುಡೆಗೆ ಇಕ್ಕಳ ಹಾಕಿ, ತೂಕ ಕಟ್ಟಿ, ಮೆಲ್ಲಗೆ ಎಳೆದು ಕೂರಿಸುವ ಹಳೆಯ ವಿಧಾನ ಇದೆ. ಎಚ್ಚರವಿರುವ ರೋಗಿಯಲ್ಲಿ ಬಲ್ಲ ವೈದ್ಯರು ಇದನ್ನು ಮಾಡಿದರೆ ಥಿಯೇಟರ್ ಸಿಗುವ ಮುಂಚೆಯೇ ಒತ್ತಡ ಇಳಿಯುತ್ತದೆ. ನಾಟಿ ಎಳೆತಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಸ್ಟಿರಾಯ್ಡ್ ವಿಷಯ ಮಾತ್ರ ತಣ್ಣಗಾಗಿದೆ. 1990ರ ಅಮೆರಿಕದ ಪ್ರಯೋಗವೊಂದು 8 ಗಂಟೆಯೊಳಗೆ ಭಾರಿ ಪ್ರಮಾಣದ ಮೀಥೈಲ್‌ಪ್ರೆಡ್ನಿಸೊಲೋನ್ ಕೊಟ್ಟರೆ ಒಳ್ಳೆಯದೆಂದಿತ್ತು. ಪ್ರಪಂಚವೆಲ್ಲ ಕೊಟ್ಟಿತು. ಆಮೇಲೆ ಅದರ ಲೆಕ್ಕಾಚಾರದ ಬಗ್ಗೆಯೇ ತಕರಾರು ಎದ್ದಿತು, ಸೋಂಕು, ಹೊಟ್ಟೆಯ ರಕ್ತಸ್ರಾವದ ಭಯವೂ ಸೇರಿತು. ಈಗ ಕಡ್ಡಾಯ ಎನ್ನುವವರಿಲ್ಲ.

ಮೊದಲ ಡಾಕ್ಟರು ಮಾಡಬೇಕಾದ ಒಂದು ಪರೀಕ್ಷೆಗೆ ಯಂತ್ರವೇ ಬೇಡ, ಒಂದು ಪಿನ್ನು, ಒಂದು ಗ್ಲೌಸು ಸಾಕು. ಗುದದ್ವಾರದ ಸುತ್ತ ಚುಚ್ಚಿದ್ದು ಗೊತ್ತಾಗುತ್ತದೆಯೇ, ಬೆರಳನ್ನು ಬಿಗಿಹಿಡಿಯಬಲ್ಲರೇ ಎಂದು ನೋಡುವುದು. ಮುಜುಗರದ ಪರೀಕ್ಷೆ, ಹಾಗಾಗಿ ಬಿಟ್ಟುಹೋಗುವುದೂ ಸುಲಭ. ಆ ಭಾಗದ ನರಗಳು ಹುರಿಯ ತುತ್ತತುದಿಯಿಂದ ಬರುತ್ತವೆ. ಅಲ್ಲಿ ಚೂರು ಸ್ಪರ್ಶ ಉಳಿದಿದೆ ಎಂದರೆ ಪೆಟ್ಟು ಬಿದ್ದ ಜಾಗವನ್ನು ದಾಟಿ ಸಂದೇಶ ಇನ್ನೂ ಹೋಗುತ್ತಿದೆ, ಗಾಯ ಅಪೂರ್ಣ ಎಂದರ್ಥ. ಚೇತರಿಕೆಯ ನಿರೀಕ್ಷೆ ಅಲ್ಲಿ ಎಷ್ಟೋ ಪಾಲು ಹೆಚ್ಚು. ಕಾಲು ಒಂದಿಷ್ಟೂ ಅಲ್ಲಾಡದ ಇಬ್ಬರು ಪಕ್ಕಪಕ್ಕ ಮಲಗಿದ್ದರೂ ಅವರ ಭವಿಷ್ಯ ಬೇರೆಬೇರೆ ಇರಬಹುದು, ಅದು ಗೊತ್ತಾಗುವುದು ಈ ಪರೀಕ್ಷೆಯಿಂದ. ಫಲಿತಾಂಶ ಮತ್ತು ನೋಡಿದ ಹೊತ್ತನ್ನು ರೆಫರಲ್ ಚೀಟಿಯಲ್ಲಿ ಬರೆದರೆ ಬೆಂಗಳೂರಿನ ಸರ್ಜನ್‌ಗೆ ಯಾರನ್ನು ಮೊದಲು ಥಿಯೇಟರ್‌ಗೆ ತೆಗೆದುಕೊಳ್ಳಬೇಕೆಂದು ತೀರ್ಮಾನಿಸಲು ಒಂದು ಆಧಾರ ಸಿಗುತ್ತದೆ. ಬಹಳ ಚೀಟಿಗಳಲ್ಲಿ ಇರುವುದು ‘ಹೆಚ್ಚಿನ ಚಿಕಿತ್ಸೆಗಾಗಿ’ ಎಂಬ ಒಂದು ಸಾಲು.

ನಾಲ್ಕನೇ ದಿನ ಬಂದವರನ್ನು ಏನು ಮಾಡುವುದು? ಆಗಲೂ ಆಪರೇಷನ್ ಮಾಡುತ್ತಾರೆ, ಮಾಡಬೇಕು. ನರ ಮರಳಲಿ ಬಿಡಲಿ, ಬೆನ್ನು ಬಿಗಿಯಾದರೆ ಮರುದಿನವೇ ಎಬ್ಬಿಸಿ ಕೂರಿಸಬಹುದು. ಕೂತರೆ ಶ್ವಾಸಕೋಶದಲ್ಲಿ ಕಫ ಕಟ್ಟುವುದು ಕಡಿಮೆ, ಗಾಲಿಕುರ್ಚಿ ಕಲಿಯುವುದು ಬೇಗ. ನಿಮ್ಹಾನ್ಸ್‌ನಲ್ಲಿ ನರ ಪುನಶ್ಚೇತನ ವಿಭಾಗ ಇದೆ. 1959ರಲ್ಲಿ ಎನ್.ಎಸ್. ಹೇಮಾ ಕಟ್ಟಿದ ಬೆಂಗಳೂರಿನ ಎಪಿಡಿ ಸಂಸ್ಥೆ ಬೆನ್ನುಹುರಿ ಗಾಯಾಳುಗಳಿಗೆ ತರಬೇತಿ ಕೊಡುತ್ತದೆ. ಆಪರೇಷನ್ ಎಷ್ಟೇ ಬೇಗ ಆಗಿದ್ದರೂ ಸ್ಪರ್ಶ ಇಲ್ಲದ ಚರ್ಮ ಒಂದೇ ಕಡೆ ಒತ್ತಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ಹುಣ್ಣಿಗೆ ದಾರಿಯಾಗುತ್ತದೆ, ಆ ಹುಣ್ಣು ಮಾಯಲು ತಿಂಗಳುಗಳು ಬೇಕು. ಕ್ಯಾಶುವಾಲ್ಟಿಯ ಸ್ಟ್ರೆಚರ್ ಮೇಲೆ ಕಾಯುತ್ತಿರುವಾಗಲೂ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಕತ್ತು ಬೆನ್ನು ತಿರುಚದೆ ಅದನ್ನು ಮಾಡುವುದು ಹೇಗೆಂದು ಮನೆಯವರು ನರ್ಸಮ್ಮನನ್ನು ಮೊದಲ ರಾತ್ರಿಯೇ ಕೇಳಿಕೊಳ್ಳಬಹುದು.